ಹುಲಿಯಿಂದ ಶಾರ್ಕ್‌ವರೆಗೆ: ಬಂಡವಾಳ ಕೇಳುವ ಟಿ.ವಿ. ಆಟದ ಕಥೆ

2001ರ ಅಕ್ಟೋಬರ್‌ನಲ್ಲಿ ಜಪಾನಿನ ನಿಪ್ಪಾನ್ ಟಿ.ವಿ.ಯಲ್ಲಿ ಒಂದು ಹೊಸ ಕಾರ್ಯಕ್ರಮ ಶುರುವಾಯಿತು. ಹೆಸರು 'ಮನೀ ನೋ ತೋರಾ', ಅಂದರೆ ಹಣದ ಹುಲಿಗಳು. ಸ್ವಂತ ದುಡಿಮೆಯಿಂದ ಮೇಲೆ ಬಂದ ಕಂಪನಿ ಮಾಲೀಕರು ಸಾಲಾಗಿ ಕೂರುತ್ತಿದ್ದರು. ಅವರ ಮುಂದೆ ಯೆನ್ ನೋಟಿನ ಕಟ್ಟುಗಳು. ಎದುರಿಗೆ ಬಂದು ನಿಂತವನು ತನಗೆ ಎಷ್ಟು ಹಣ ಬೇಕು, ಯಾಕೆ ಬೇಕು ಎಂದು ಹೇಳಬೇಕು. ಕೇಳಿದಷ್ಟು ಪೂರ್ತಿ ಕೂಡಿಬಂದರೆ ಹಣ ಅವನದು. ಕೂಡದಿದ್ದರೆ ಒಂದು ಯೆನ್ ಕೂಡ ಇಲ್ಲ, ಬರಿಗೈಯಲ್ಲಿ ವಾಪಸ್. ನಮ್ಮಲ್ಲಿ ಅನೇಕರು ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ನೋಡುವ 'ಶಾರ್ಕ್ ಟ್ಯಾಂಕ್ ಇಂಡಿಯಾ'ದ ಮೂಲಪುರುಷ ಇದು.

ಇಂಥ ಕಾರ್ಯಕ್ರಮ ಜಪಾನಿನಲ್ಲೇ ಯಾಕೆ ಹುಟ್ಟಿತು ಎನ್ನುವುದಕ್ಕೆ ಆ ದೇಶದ ಆಗಿನ ಸ್ಥಿತಿ ನೋಡಬೇಕು. 1980ರ ದಶಕದಲ್ಲಿ ಅಲ್ಲಿ ಭೂಮಿಯ ಬೆಲೆ, ಷೇರಿನ ಬೆಲೆ ಆಕಾಶಕ್ಕೇರಿತ್ತು. 1990ರ ಹೊತ್ತಿಗೆ ಆ ಗುಳ್ಳೆ ಒಡೆಯಿತು. ಬ್ಯಾಂಕುಗಳು ವಸೂಲಾಗದ ಸಾಲಗಳನ್ನು ತಲೆಯ ಮೇಲೆ ಹೊತ್ತುಕೊಂಡು ಹತ್ತು ವರ್ಷ ಒದ್ದಾಡಿದವು. ಸಣ್ಣ ವ್ಯಾಪಾರಿಗೆ, ಹೊಸಬನಿಗೆ ಸಾಲ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಬ್ಯಾಂಕ್ ಮ್ಯಾನೇಜರ್ ಬಾಗಿಲು ಹಾಕಿಕೊಂಡಾಗ ಟಿ.ವಿ.ಯವರು ಬಾಗಿಲು ತೆರೆದರು ಎನ್ನಬಹುದು. 2004ರಲ್ಲಿ ಕಾರ್ಯಕ್ರಮ ನಿಂತಿತು. ಇನ್ನೊಬ್ಬರ ಲೆಕ್ಕ ತಪ್ಪೆಂದು ಗದರುತ್ತಿದ್ದ ಕೆಲವು ಹುಲಿಗಳ ಕಂಪನಿಗಳೇ ಮುಂದೆ ದಿವಾಳಿಯಾದದ್ದು ಜಪಾನಿನಲ್ಲಿ ದೊಡ್ಡ ಸುದ್ದಿಯಾಗಿತ್ತು.

ಜಪಾನಿನಿಂದ ಅದು ಹಾರಿದ್ದು ಲಂಡನ್ನಿಗೆ. 2005ರ ಜನವರಿ 4ರಂದು ಬಿಬಿಸಿ 2 ವಾಹಿನಿಯಲ್ಲಿ 'ಡ್ರ್ಯಾಗನ್ಸ್ ಡೆನ್' ಆರಂಭವಾಯಿತು. ಹುಲಿಗಳು ಡ್ರ್ಯಾಗನ್ ಆದರು. ನಿರೂಪಕ ಇವಾನ್ ಡೇವಿಸ್ ಅರ್ಥಶಾಸ್ತ್ರ ಓದಿದವರು. ಸಿನಿಮಾ ನಟರನ್ನು ಕರೆತರದೆ ಇಂಥವರನ್ನು ಕೂರಿಸಿದ್ದು ಬಿಬಿಸಿಯ ಶೈಲಿ. ಮೊದಲ ಐವರಲ್ಲಿ ಡಂಕನ್ ಬ್ಯಾನಟೈನ್ ಎಂಬ ಸ್ಕಾಟ್ಲೆಂಡಿನವರಿದ್ದರು. ಇವರು ವ್ಯಾಪಾರ ಶುರು ಮಾಡಿದ್ದು 450 ಪೌಂಡಿಗೆ ಕೊಂಡ ಒಂದು ಐಸ್‌ಕ್ರೀಮ್ ವ್ಯಾನಿನಿಂದ. ಪೀಟರ್ ಜೋನ್ಸ್ ಇದ್ದರು, ಅವರು ಇವತ್ತಿಗೂ ಆ ಕುರ್ಚಿ ಬಿಟ್ಟಿಲ್ಲ. ರೇಚಲ್ ಎಲ್ನಾ ಎಂಬ ಒಬ್ಬ ಮಹಿಳೆಯೂ ಇದ್ದರು. ಅವರದ್ದು 'ರೆಡ್ ಲೆಟರ್ ಡೇಸ್' ಎಂಬ ಉಡುಗೊರೆ ಕಂಪನಿ. ಕಾರ್ಯಕ್ರಮ ಶುರುವಾದ ವರ್ಷವೇ, 2005ರ ಆಗಸ್ಟ್‌ನಲ್ಲಿ, ಆ ಕಂಪನಿ ಮುಳುಗಿತು. ಅದನ್ನು ಕೊಂಡುಕೊಂಡವರು ಯಾರು ಗೊತ್ತೇ? ಪಕ್ಕದ ಕುರ್ಚಿಯ ಪೀಟರ್ ಜೋನ್ಸ್, ಮತ್ತು ಆ ವರ್ಷ ಡ್ರ್ಯಾಗನ್ ಬಳಗಕ್ಕೆ ಹೊಸದಾಗಿ ಸೇರಿದ ಥಿಯೋ ಪಫೀಟಿಸ್. ಕುರ್ಚಿಯಲ್ಲಿ ಕೂತವರೆಲ್ಲ ಸರ್ವಜ್ಞರಲ್ಲ ಎಂದು ನಾನು ಮನೆಯಲ್ಲಿ ವಾದಿಸುವಾಗ ಈ ಪ್ರಸಂಗವನ್ನೇ ಮುಂದಿಡುತ್ತೇನೆ.

ಡ್ರ್ಯಾಗನ್ಸ್ ಡೆನ್‌ನ ಎರಡು ಕಥೆಗಳನ್ನು ಇಲ್ಲಿ ಹೇಳಲೇಬೇಕು.

ಮೊದಲನೆಯದು 2006ರದು. ರಾಬ್ ಲಾ ಎಂಬ ಯುವಕ ಮಕ್ಕಳು ಸವಾರಿ ಮಾಡಬಹುದಾದ ಸೂಟ್‌ಕೇಸ್ ತಂದ. ಹೆಸರು 'ಟ್ರಂಕಿ'. 10 ಶೇಕಡಾ ಪಾಲಿಗೆ ಒಂದು ಲಕ್ಷ ಪೌಂಡ್ ಕೇಳಿದ. ಪಫೀಟಿಸ್ ಅದರ ಬೆಲ್ಟನ್ನು ಜಗ್ಗಿ ಎಳೆದರು, ಕೊಂಡಿ ಕಿತ್ತುಬಂತು. ಅಲ್ಲಿಗೆ ಎಲ್ಲರ ಮುಖ ಬದಲಾಯಿತು. ಒಬ್ಬ ಡ್ರ್ಯಾಗನ್ ಮಾತ್ರ ಅದೇ ಹಣಕ್ಕೆ ಅರ್ಧ ಕಂಪನಿ ಕೊಡು ಎಂದರು. ಹುಡುಗ ಒಪ್ಪದೆ ಹೊರಟ. ಈಗ ಯಾವ ವಿಮಾನ ನಿಲ್ದಾಣಕ್ಕೆ ಹೋದರೂ ಹುಲಿ, ಜೀರುಂಡೆಗಳ ಬಣ್ಣದ ಪೆಟ್ಟಿಗೆಯ ಮೇಲೆ ಕೂತ ಮಗುವನ್ನು ಅಪ್ಪ ಎಳೆದುಕೊಂಡು ಹೋಗುವುದನ್ನು ನೀವು ನೋಡಿರುತ್ತೀರಿ. ಅದೇ ಟ್ರಂಕಿ.

ಎರಡನೆಯದು 2007ರದು. ಜಮೈಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಲೀವೈ ರೂಟ್ಸ್ ಗಿಟಾರ್ ಹಿಡಿದು ಹಾಡುತ್ತಲೇ ಒಳಗೆ ಬಂದ. ಮನೆಯ ಅಡುಗೆಮನೆಯಲ್ಲಿ ಮಾಡಿ ಜಾತ್ರೆಯಲ್ಲಿ ಮಾರುತ್ತಿದ್ದ ಖಾರದ ಸಾಸ್ ಅವನದು. ತನಗೆ 25 ಲಕ್ಷ ಲೀಟರಿನ ಆರ್ಡರ್ ಬಂದಿದೆ ಎಂದ. ಕಾಗದ ನೋಡಿದರೆ ಅದರಲ್ಲಿದ್ದದ್ದು 2,500 ಕಿಲೋ. ನನ್ನಂಥ ಫಾರ್ಮಸಿಯವನಿಗೆ ಇದನ್ನು ಕೇಳಿದಾಗ ಮೈ ಜುಂ ಎಂದಿತು. ನಮ್ಮ ಕೆಲಸದಲ್ಲಿ ಮಿಲಿಗ್ರಾಮ್, ಮೈಕ್ರೋಗ್ರಾಮ್ ಅದಲುಬದಲಾದರೆ ರೋಗಿಯ ಪ್ರಾಣದ ಪ್ರಶ್ನೆ. ಇಲ್ಲಿ ಲೆಕ್ಕ ಸಾವಿರ ಪಟ್ಟು ಹಿಗ್ಗಿತ್ತು. ಆದರೂ ಪೀಟರ್ ಜೋನ್ಸ್ ಮತ್ತು ರಿಚರ್ಡ್ ಫಾರ್ಲೀ 50,000 ಪೌಂಡ್ ಕೊಟ್ಟು 40 ಶೇಕಡಾ ಪಾಲು ತೆಗೆದುಕೊಂಡರು. ಕೆಲವೇ ವಾರಗಳಲ್ಲಿ ಸೇನ್ಸ್‌ಬರಿ ಅಂಗಡಿಗಳಲ್ಲಿ 'ರೆಗೆ ರೆಗೆ ಸಾಸ್' ಬಂತು. ಲೆಕ್ಕ ತಪ್ಪಿದ್ದರೂ ಮನುಷ್ಯ ಸರಿಯಿದ್ದಾನೆ ಎಂದು ಅವರಿಗೆ ಅನಿಸಿರಬೇಕು. ಇದನ್ನು ಯಾವ ಡಿಪ್ಲೊಮಾದಲ್ಲೂ ಕಲಿಸುವುದಿಲ್ಲ.

ಅಮೆರಿಕದಲ್ಲಿ 'ಶಾರ್ಕ್ ಟ್ಯಾಂಕ್' ಬಂದದ್ದು 2009ರ ಆಗಸ್ಟ್ 9ರಂದು, ಎಬಿಸಿ ವಾಹಿನಿಯಲ್ಲಿ. ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಬಿದ್ದು, ಬ್ಯಾಂಕುಗಳು ಸಾಲದ ಬಾಗಿಲು ಮುಚ್ಚಿದ್ದ ಕಾಲ. ಜಪಾನಿನ ಕಥೆಯೇ ಮರುಕಳಿಸಿತು. ಕೆವಿನ್ ಓ'ಲಿಯರಿ, ರಾಬರ್ಟ್ ಹರ್ಜಾವೆಕ್ ಇಬ್ಬರೂ ಕೆನಡಾದ ಡ್ರ್ಯಾಗನ್ಸ್ ಡೆನ್‌ನಿಂದ ಬಂದವರು. ಈ ಅಮೆರಿಕದ ಆವೃತ್ತಿಯ ಬಗ್ಗೆ ಹೆಚ್ಚು ಜನರಿಗೆ ಗೊತ್ತಿರದ ಒಂದು ಸಂಗತಿ ಇದೆ. ಮೊದಲ ಕೆಲವು ವರ್ಷ, ಒಪ್ಪಂದ ಆಗಲಿ ಬಿಡಲಿ, ಕಾರ್ಯಕ್ರಮಕ್ಕೆ ಬಂದವರು ತಮ್ಮ ಕಂಪನಿಯ 5 ಶೇಕಡಾ ಪಾಲು ಅಥವಾ ಲಾಭದ 2 ಶೇಕಡಾವನ್ನು ನಿರ್ಮಾಪಕರಿಗೆ ಕೊಡುವ ಷರತ್ತಿಗೆ ಸಹಿ ಹಾಕಬೇಕಿತ್ತು. ಮಾರ್ಕ್ ಕ್ಯೂಬನ್ ಪಟ್ಟು ಹಿಡಿದ ಮೇಲೆ 2013ರಲ್ಲಿ ಅದನ್ನು ತೆಗೆದುಹಾಕಿದರು. ಶಾರ್ಕ್‌ಗಳು ಕಚ್ಚುವ ಮೊದಲೇ ಕೊಳದ ಮಾಲೀಕ ಕಚ್ಚುತ್ತಿದ್ದ ಎಂದಾಯಿತು.

ಅದೇ 2013ರಲ್ಲಿ ಜೇಮಿ ಸಿಮಿನಾಫ್ ಎಂಬಾತ ಕ್ಯಾಮೆರಾ ಇರುವ ಕರೆಗಂಟೆ ತಂದ. 7 ಲಕ್ಷ ಡಾಲರಿಗೆ 10 ಶೇಕಡಾ ಪಾಲು. ಓ'ಲಿಯರಿ ಒಬ್ಬರೇ ಮುಂದೆ ಬಂದರು, ಆದರೆ ಸಾಲದ ರೂಪದಲ್ಲಿ: ಸಾಲ ತೀರುವ ತನಕ ಮಾರಾಟದಲ್ಲಿ 10 ಶೇಕಡಾ, ತೀರಿದ ಮೇಲೂ ಶಾಶ್ವತವಾಗಿ 7 ಶೇಕಡಾ, ಜೊತೆಗೆ 5 ಶೇಕಡಾ ಪಾಲು. ಸಿಮಿನಾಫ್ ಕೈಮುಗಿದು ಹೊರಟ. 2018ರಲ್ಲಿ ಅಮೆಜಾನ್ ಆ ಕಂಪನಿಯನ್ನು, ಅಂದರೆ 'ರಿಂಗ್' ಅನ್ನು, ನೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಅದೇ ವರ್ಷ ಸಿಮಿನಾಫ್ ಅತಿಥಿ ಶಾರ್ಕ್ ಆಗಿ ಅದೇ ವೇದಿಕೆಗೆ ಬಂದು ಕೂತ.

ಇಲ್ಲಿ ಒಂದು ಲೆಕ್ಕ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಹೆಂಡತಿ ಮೊದಲ ವಾರ ಕೇಳಿದ ಪ್ರಶ್ನೆಯೇ ಇದು. 'ಐವತ್ತು ಲಕ್ಷಕ್ಕೆ ಐದು ಪರ್ಸೆಂಟ್ ಅಂತಾನಲ್ಲ, ಅದರಲ್ಲಿ ಶಾರ್ಕ್‌ಗಳು ಕೋಪ ಮಾಡಿಕೊಳ್ಳುವುದಕ್ಕೆ ಏನಿದೆ?' 5 ಶೇಕಡಾ ಬೆಲೆ 50 ಲಕ್ಷವಾದರೆ 100 ಶೇಕಡಾ ಬೆಲೆ 10 ಕೋಟಿ. ಅಂದರೆ ವರ್ಷಕ್ಕೆ 20 ಲಕ್ಷದ ಮಾರಾಟವೂ ಇಲ್ಲದವನು ತನ್ನ ಅಂಗಡಿಯ ಬೆಲೆ 10 ಕೋಟಿ ಎನ್ನುತ್ತಿದ್ದಾನೆ. ಜಗಳವೆಲ್ಲ ಆ ಹತ್ತು ಕೋಟಿಯ ಮೇಲೆ. ಇನ್ನೊಂದು ವಿಷಯ: ನಾವು ನೋಡುವ ಹತ್ತು ಹನ್ನೆರಡು ನಿಮಿಷದ ಮಾತುಕತೆ ಸೆಟ್ಟಿನಲ್ಲಿ ಬಹಳ ಹೊತ್ತು ನಡೆದಿರುತ್ತದೆ. ಕೈ ಕುಲುಕಿ ಅಪ್ಪಿಕೊಂಡ ಮೇಲೂ ಅದು ಕಾಗದದ ಒಪ್ಪಂದವಲ್ಲ. ಆಮೇಲೆ ಲೆಕ್ಕಪತ್ರ ತೆಗೆಸಿ ನೋಡುತ್ತಾರೆ, ಆ ಹಂತದಲ್ಲಿ ಅನೇಕ ಒಪ್ಪಂದಗಳು ಮುರಿದುಬೀಳುತ್ತವೆ.

ಭಾರತಕ್ಕೆ ಶಾರ್ಕ್ ಬಂದದ್ದು 2021ರ ಡಿಸೆಂಬರ್ 20ರಂದು, ಸೋನಿ ವಾಹಿನಿಗೆ. ಜಪಾನ್, ಅಮೆರಿಕಗಳಲ್ಲಿ ಬಿದ್ದ ಕಾಲದಲ್ಲಿ ಬಂದ ಕಾರ್ಯಕ್ರಮ ನಮ್ಮಲ್ಲಿ ಎದ್ದ ಕಾಲದಲ್ಲಿ ಬಂತು. 2016ರಲ್ಲಿ 'ಸ್ಟಾರ್ಟಪ್ ಇಂಡಿಯಾ' ಘೋಷಣೆ, ಅದೇ ವರ್ಷ ಯುಪಿಐ, ಅದೇ ವರ್ಷ ಜಿಯೋ. 2021 ಒಂದೇ ವರ್ಷದಲ್ಲಿ ನೂರು ಕೋಟಿ ಡಾಲರ್ ಬೆಲೆ ಮುಟ್ಟಿದ ಹೊಸ ಕಂಪನಿಗಳು ದೇಶದಲ್ಲಿ 40ಕ್ಕೂ ಹೆಚ್ಚು. ಜುಲೈನಲ್ಲಿ ಜೊಮ್ಯಾಟೊ, ನವೆಂಬರ್‌ನಲ್ಲಿ ನೈಕಾ ಷೇರುಪೇಟೆಗೆ ಬಂದವು. ಅದೇ ನವೆಂಬರ್ 18ರಂದು ಪೇಟಿಎಂ ಬಂದು, ಮೊದಲ ದಿನವೇ ಸುಮಾರು ಕಾಲುಭಾಗ ಬೆಲೆ ಕಳೆದುಕೊಂಡಿತು. ಅಂದರೆ ಜ್ವರ ಇಳಿಯುವ ಲಕ್ಷಣ ಶುರುವಾದ ಒಂದು ತಿಂಗಳಿಗೆ ಶಾರ್ಕ್‌ಗಳು ಬಂದರು. ಅಶ್ನೀರ್ ಗ್ರೋವರ್, ಅಮನ್ ಗುಪ್ತಾ, ಪೀಯೂಷ್ ಬನ್ಸಾಲ್, ನಮಿತಾ ಥಾಪರ್, ವಿನೀತಾ ಸಿಂಗ್, ಅನುಪಮ್ ಮಿತ್ತಲ್, ಗಜಲ್ ಅಲಘ್. ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದ ಗ್ರೋವರ್, ಮೊದಲ ಆವೃತ್ತಿ ಮುಗಿದ ಕೆಲವೇ ವಾರಕ್ಕೆ, 2022ರ ಮಾರ್ಚ್‌ನಲ್ಲಿ ತಾವು ಕಟ್ಟಿದ ಭಾರತ್‌ಪೇಯಿಂದ ಜಗಳದ ನಡುವೆ ಹೊರಬಂದರು. ರೇಚಲ್ ಎಲ್ನಾ ನೆನಪಾಗದೆ ಇರುತ್ತಾರೆಯೇ?

ಮೊದಲ ಆವೃತ್ತಿಯಲ್ಲಿ ನನಗೆ ನೆನಪುಳಿದವನು ಮಾಲೇಗಾಂವ್ ಕಡೆಯ 'ಜುಗಾಡು ಕಮಲೇಶ್'. ಬೆನ್ನ ಮೇಲೆ ಪಂಪು ಹೊತ್ತು ಹೊಲಕ್ಕೆ ಔಷಧಿ ಹೊಡೆಯುವ ಅಪ್ಪನ ಕಷ್ಟ ನೋಡಿ ಚಕ್ರದ ಗಾಡಿ ಮಾಡಿದವನು. ಪೀಯೂಷ್ ಬನ್ಸಾಲ್ 10 ಲಕ್ಷಕ್ಕೆ 40 ಶೇಕಡಾ ಪಾಲು, ಜೊತೆಗೆ 20 ಲಕ್ಷ ಬಡ್ಡಿಯಿಲ್ಲದ ಸಾಲ ಕೊಡುವುದಾಗಿ ಹೇಳಿದರು. ಎರಡನೇ ಆವೃತ್ತಿಯಲ್ಲಿ ನಮ್ಮ ಭಾಷೆಯ ಒಂದು ಶಬ್ದವೇ ವೇದಿಕೆ ಹತ್ತಿತು: 'ಹೂವು'. ಬೆಂಗಳೂರಿನ ಅಕ್ಕತಂಗಿ ರಿಯಾ ಮತ್ತು ಯಶೋದಾ ಕರುತುರಿ, ಪೂಜೆಯ ಹೂವನ್ನು ಬಾಡದಂತೆ ಕಟ್ಟಿ ಮನೆಗೆ ತಲುಪಿಸುವ ಕಂಪನಿ. ಮೊಳದ ಲೆಕ್ಕದಲ್ಲಿ ಬಾಳೆಲೆಯಲ್ಲಿ ಸುತ್ತಿ ಕೊಡುವ ಹೂವನ್ನು ಶೇಕಡಾವಾರು ಲೆಕ್ಕದಲ್ಲಿ ಚರ್ಚಿಸುವುದನ್ನು ಕೇಳಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ಆದರೆ ವ್ಯಾಪಾರ ಗಟ್ಟಿಯದು. ಹೂವಿನ ಆಯುಸ್ಸು ನಮ್ಮ ಇನ್ಸುಲಿನ್ ಆಯುಸ್ಸಿನ ಹಾಗೆ, ತಂಪು ತಪ್ಪಿದರೆ ಮುಗಿಯಿತು.

ನಮಿತಾ ಥಾಪರ್ ಅವರನ್ನು ನಾನು ಸ್ವಲ್ಪ ಹೆಚ್ಚು ಗಮನವಿಟ್ಟು ನೋಡುತ್ತೇನೆ. ಅವರು ಪುಣೆಯ ಎಮ್‌ಕ್ಯೂರ್ ಔಷಧ ಕಂಪನಿಯವರು. ಊರಿನಲ್ಲಿ ಕೆಲಸ ಮಾಡುವಾಗ ಅವರ ಓರೋಫರ್ ಎಂಬ ಕಬ್ಬಿಣಾಂಶದ ಔಷಧವನ್ನು ಎಷ್ಟು ಬಸುರಿಯರಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. 'ಇದು ನನ್ನ ಪರಿಣತಿಯ ಕ್ಷೇತ್ರವಲ್ಲ' ಎಂದು ಅವರು ಹಿಂದೆ ಸರಿಯುವುದನ್ನು ಜನ ಗೇಲಿ ಮಾಡುತ್ತಾರೆ. ನನಗೆ ಅದು ಗೇಲಿಯ ವಿಷಯವಲ್ಲ. ಗೊತ್ತಿಲ್ಲದ್ದಕ್ಕೆ ಹಣ ಹಾಕಿದವರ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಔಷಧ ಲೋಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ.

ಎಲಿಜಬೆತ್ ಹೋಮ್ಸ್ 2003ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಅಮೆರಿಕದಲ್ಲಿ 'ಥೆರಾನೋಸ್' ಕಂಪನಿ ಶುರು ಮಾಡಿದರು. ಬೆರಳ ತುದಿಯ ಕೆಲವು ಹನಿ ರಕ್ತದಿಂದ ಹತ್ತಾರು ಪರೀಕ್ಷೆ ಮಾಡುವ ಯಂತ್ರ ತಮ್ಮಲ್ಲಿದೆ ಎಂದರು. 70 ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ಬಂತು. ಆಡಳಿತ ಮಂಡಳಿಯಲ್ಲಿ ಹೆನ್ರಿ ಕಿಸಿಂಜರ್, ಜಾರ್ಜ್ ಶುಲ್ಟ್ಸ್ ಅಂಥ ಮಾಜಿ ಮಂತ್ರಿಗಳು. ಲ್ಯಾಬಿನ ಕೆಲಸ ಬಲ್ಲವರು ಅಲ್ಲಿ ಎಷ್ಟಿದ್ದರು ಎಂದು ಹುಡುಕಬೇಕಾಗಿತ್ತು. 2013ರಲ್ಲಿ ವಾಲ್‌ಗ್ರೀನ್ಸ್ ಎಂಬ ದೊಡ್ಡ ಫಾರ್ಮಸಿ ಸರಣಿ ತನ್ನ ಅಂಗಡಿಗಳಲ್ಲೇ ಇವರ ರಕ್ತಪರೀಕ್ಷೆ ಶುರು ಮಾಡಿತು. ಔಷಧಿಗೆ ಬಂದ ರೋಗಿ ಅಲ್ಲೇ ಬೆರಳು ಚಾಚುತ್ತಿದ್ದ. ಯಂತ್ರ ಹೇಳಿದಂತೆ ಕೆಲಸ ಮಾಡುವುದಿಲ್ಲ ಎಂದು 2015ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಬರೆಯಿತು. ಹೋಮ್ಸ್ ತಪ್ಪಿತಸ್ಥೆ ಎಂದು ಜ್ಯೂರಿ ತೀರ್ಪು ಕೊಟ್ಟದ್ದು 2022ರ ಜನವರಿ 3ರಂದು, ಅಂದರೆ ನಾವು ಇಲ್ಲಿ ಶಾರ್ಕ್ ಟ್ಯಾಂಕ್ ಇಂಡಿಯಾದ ಮೊದಲ ಆವೃತ್ತಿ ನೋಡುತ್ತಿದ್ದ ದಿನಗಳಲ್ಲೇ. ಆ ಕಾರಣಕ್ಕೆ, ವೇದಿಕೆಯ ಮೇಲೆ ಯಾರಾದರೂ 'ಸಕ್ಕರೆ ಕಾಯಿಲೆ ಗುಣವಾಗುವ ಪುಡಿ' ಎಂಬ ಥರ ಮಾತಾಡಿದರೆ ನಾನು ಮಾರಾಟದ ಅಂಕಿ ಕೇಳುವುದಿಲ್ಲ, ಎಷ್ಟು ರೋಗಿಗಳ ಮೇಲೆ ನೋಡಿದ್ದೀರಿ ಎಂದು ಟಿ.ವಿ.ಗೆ ಕೇಳುತ್ತೇನೆ. ಮಕ್ಕಳು 'ಅಪ್ಪಾ, ಅದಕ್ಕೆ ಕೇಳಿಸಲ್ಲ' ಅನ್ನುತ್ತಾರೆ.

ಟಿ.ವಿ. ಬರುವ ಮೊದಲು ಬಂಡವಾಳ ಕೇಳುವುದು ಇರಲಿಲ್ಲವೇ? ನಮ್ಮ ಕನ್ನಡ ನಾಡಿನಲ್ಲೇ ನೋಡಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿಯ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಕೈಮಗ್ಗದವರಿಗೆ ನೆರವಾಗುವುದು ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುವ ಯೋಜನೆ. ಹಣ ಕೇಳುವವನು ಹಣವಂತನ ಮುಂದೆ ನಿಲ್ಲುವ ಬದಲು, ಬ್ಯಾಂಕೇ ಮೀನು ಮಾರುವವಳ ಮುಂದೆ ನಿಂತಿತು. ನನ್ನ ಅಜ್ಜಿಯ ಪಿಗ್ಮಿ ಪುಸ್ತಕ ನಾನು ಚಿಕ್ಕವನಿದ್ದಾಗ ದೇವರ ಪಟದ ಹಿಂದೆ ಇರುತ್ತಿತ್ತು.

ಇನ್ಫೋಸಿಸ್ ಕಥೆ ಎಲ್ಲರಿಗೂ ಗೊತ್ತು. 1981ರಲ್ಲಿ ನಾರಾಯಣ ಮೂರ್ತಿಯವರಿಗೆ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿ. ಅಲ್ಲಿ ಇದ್ದ ಶಾರ್ಕ್ ಒಬ್ಬರೇ, ಅವರೂ ಶಿಗ್ಗಾಂವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದವರು. ಅಷ್ಟಾಗಿ ನೆನಪಿರದ ಭಾಗ 1993ರದು. ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ಕೊಟ್ಟಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ; ಕೊನೆಗೆ ಮಾರ್ಗನ್ ಸ್ಟ್ಯಾನ್ಲಿ ಬಂದು ಎತ್ತಿಕೊಂಡಿತು. ಅವತ್ತು 'ನಾನು ಇದರಲ್ಲಿಲ್ಲ' ಎಂದವರು ದೇಶದ ತುಂಬ ಇದ್ದರು.

ನಾವು ಬದುಕುತ್ತಿರುವ ಈ ಬಹರೇನ್ ದ್ವೀಪಕ್ಕೂ ತನ್ನದೇ ಬಂಡವಾಳದ ಚರಿತ್ರೆ ಇದೆ. ಎಣ್ಣೆ ಸಿಕ್ಕಿದ್ದು 1932ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಅನ್ನ ಮುತ್ತು. ಬೇಸಿಗೆಯ ನಾಲ್ಕು ತಿಂಗಳು ದೋಣಿಗಳು ಸಮುದ್ರದಲ್ಲಿರುತ್ತಿದ್ದವು. ವ್ಯಾಪಾರಿ ದೋಣಿಯ ನಖುದಾನಿಗೆ ಹಣ ಕೊಡುತ್ತಿದ್ದ, ನಖುದಾ ಮುಳುಗುವವರಿಗೆ ಮುಂಗಡ ಕೊಡುತ್ತಿದ್ದ. ಆ ಮುಂಗಡದಲ್ಲಿ ಹೆಂಡತಿ ಮಕ್ಕಳು ತಿನ್ನಬೇಕು. ಋತು ಮುಗಿದು ಲೆಕ್ಕ ಹಾಕಿದಾಗ ಸಾಲ ಉಳಿದಿದ್ದರೆ ಮುಂದಿನ ವರ್ಷವೂ ಅದೇ ನಖುದಾನ ದೋಣಿ. ಸತ್ತರೆ ಸಾಲ ಮಗನ ತಲೆಗೆ ಬರುವುದೂ ಇತ್ತು. ಓದಲು ಬಾರದವನ ಲೆಕ್ಕ ಬರೆಯುತ್ತಿದ್ದದ್ದು ಸಾಲ ಕೊಟ್ಟವನೇ. 1920ರ ದಶಕದ ಸುಧಾರಣೆಯಲ್ಲಿ ಪ್ರತಿಯೊಬ್ಬ ಮುಳುಗುವವನಿಗೂ ಅವನದೇ ಲೆಕ್ಕದ ಪುಸ್ತಕ ಕೊಡಬೇಕು ಎಂಬ ನಿಯಮ ಬಂತು. ವಿಚಿತ್ರವೆಂದರೆ ಇಸ್ಲಾಮೀ ವ್ಯಾಪಾರ ಪದ್ಧತಿಯಲ್ಲಿ ಇದಕ್ಕಿಂತ ನ್ಯಾಯವಾದ 'ಮುದಾರಬಾ' ಮೊದಲಿನಿಂದ ಇತ್ತು: ಒಬ್ಬನ ಹಣ, ಇನ್ನೊಬ್ಬನ ದುಡಿಮೆ, ಲಾಭ ಮೊದಲೇ ಒಪ್ಪಿದ ಪಾಲಿನಲ್ಲಿ, ನಷ್ಟವಾದರೆ ಹಣ ಹಾಕಿದವನದು. ಶಾರ್ಕ್‌ಗಳ ಪಾಲುಬಂಡವಾಳ ಇದಕ್ಕೆ ತೀರ ಹತ್ತಿರ. ಓ'ಲಿಯರಿಯ ಶಾಶ್ವತ 7 ಶೇಕಡಾ ಮಾತ್ರ ನನಗೆ ನಖುದಾನ ದೋಣಿಯನ್ನು ನೆನಪಿಸುತ್ತದೆ.

ಆ ಮುತ್ತಿನ ವ್ಯಾಪಾರ ಮುಳುಗಿದ್ದು 1929ರ ಆರ್ಥಿಕ ಕುಸಿತ ಮತ್ತು ಜಪಾನಿನ ಕೃಷಿ ಮುತ್ತಿನಿಂದ. ಅದನ್ನು ಬೆಳೆಸಿದ ಕೊಕಿಚಿ ಮಿಕಿಮೊಟೊ ನೂಡಲ್ ಅಂಗಡಿಯವನ ಮಗ. ಮುಹರಕ್‌ನಲ್ಲಿ ಯುನೆಸ್ಕೊ 2012ರಲ್ಲಿ ಪಟ್ಟಿಗೆ ಸೇರಿಸಿದ ಮುತ್ತಿನ ದಾರಿ ಇದೆ, ವರ್ತಕರ ಹಳೆಯ ಮನೆಗಳಿವೆ. ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಒಂದು ಸಂಜೆ ಅಲ್ಲಿಗೆ ಹೋಗಿಬನ್ನಿ.

ಈಗ ನಮ್ಮ ಮಾತಿಗೆ ಬರುತ್ತೇನೆ. ಇಲ್ಲಿರುವ ನಮ್ಮಲ್ಲಿ ಪ್ರತಿಯೊಬ್ಬರ ಮನಸ್ಸಿನಲ್ಲೂ ಊರಿಗೆ ಮರಳಿದ ಮೇಲೆ ಮಾಡುವ ಒಂದು ವ್ಯಾಪಾರ ಇರುತ್ತದೆ. ಅದಕ್ಕೆ ಬಂಡವಾಳ ಹಾಕುವ ಶಾರ್ಕ್ ನಾವೇ, ಕೇಳುವವನು ಸಾಮಾನ್ಯವಾಗಿ ಊರಿನ ಬಾವನೋ ಸೋದರಳಿಯನೋ. ವಾಟ್ಸ್ಯಾಪ್ ಕಾಲ್‌ನಲ್ಲಿ ಐದು ನಿಮಿಷದ ಮಾತು, ಮರುದಿನ ಎಕ್ಸ್‌ಚೇಂಜ್‌ಗೆ ಹೋಗಿ ದುಡ್ಡು ಕಳುಹಿಸುವುದು. ಪಾಲು ಎಷ್ಟು, ನಷ್ಟವಾದರೆ ಯಾರದು, ಅಂಗಡಿ ಯಾರ ಹೆಸರಲ್ಲಿ, ಒಂದನ್ನೂ ಕೇಳುವುದಿಲ್ಲ. ಕೇಳಿದರೆ 'ನಿನಗೆ ನನ್ನ ಮೇಲೆ ನಂಬಿಕೆ ಇಲ್ಲವಾ ಮಾರಾಯ' ಎಂಬ ಮಾತು ಬರುತ್ತದೆ. ಹೀಗೆ ಹದಿನೈದು ವರ್ಷದ ಉಳಿತಾಯ ಹಾಕಿ, ಊರಿಗೆ ಹೋಗಿ ನೋಡಿದಾಗ ಅಂಗಡಿಯ ಬೋರ್ಡೂ ಇಲ್ಲದ್ದನ್ನು ಕಂಡ ಸ್ನೇಹಿತರು ನನಗೆ ಇದ್ದಾರೆ. ಅರವತ್ತರ ಹತ್ತಿರ ಮತ್ತೆ ಇಲ್ಲಿಗೇ ವೀಸಾ ಹುಡುಕಿಕೊಂಡು ಬಂದವರೂ ಇದ್ದಾರೆ.

ನನ್ನ ಹತ್ತಿರ ಸಲಹೆ ಕೇಳಲು ಬರುವವರ ಪ್ರಶ್ನೆ ಯಾವಾಗಲೂ ಒಂದೇ: 'ಊರಲ್ಲಿ ಮೆಡಿಕಲ್ ಶಾಪ್ ಹಾಕಿದರೆ ಹೇಗೆ?' ಆಗ ನಾನು ಅವರ ಮುಂದೆ ಕಾಗದ ಇಡುತ್ತೇನೆ. ಚಿಲ್ಲರೆ ಅಂಗಡಿಗೆ ಲೈಸೆನ್ಸ್ ಬೇಕಾದರೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು. ನೋಂದಾಯಿತ ಫಾರ್ಮಸಿಸ್ಟ್ ಅಂಗಡಿಯಲ್ಲಿ ಇರಲೇಬೇಕು, ಹೆಸರು ಮಾತ್ರ ಬಾಡಿಗೆಗೆ ತರುವುದು ಅಪರಾಧ. ಸರಕಾರ ಬೆಲೆ ಕಟ್ಟಿದ ಔಷಧಗಳಲ್ಲಿ ಅಂಗಡಿಯವನ ಪಾಲು 16 ಶೇಕಡಾ, ಉಳಿದವುಗಳಲ್ಲಿ ಹೆಚ್ಚೂಕಡಿಮೆ 20. ಲೆಕ್ಕಕ್ಕೆ ಹೇಳುವುದಾದರೆ ತಿಂಗಳಿಗೆ 3 ಲಕ್ಷದ ವ್ಯಾಪಾರ, ಸರಾಸರಿ 18 ಶೇಕಡಾ ಹಿಡಿಯಿರಿ, ಕೈಗೆ 54,000. ಎದುರಿನ ಅಂಗಡಿಯವನು ಹತ್ತು ಶೇಕಡಾ ರಿಯಾಯಿತಿ ಕೊಡುತ್ತಾನೆಂದು ನೀವೂ ಕೊಟ್ಟರೆ ಅದರಲ್ಲಿ 30,000 ಹೋಯಿತು. ಉಳಿದ 24,000ದಲ್ಲಿ ಬಾಡಿಗೆ, ಕರೆಂಟು, ಫ್ರಿಜ್ಜು, ಫಾರ್ಮಸಿಸ್ಟ್ ಸಂಬಳ, ಎಕ್ಸ್‌ಪೈರಿ ಆಗಿ ವಾಪಸ್ ಹೋಗದ ಮಾಲು. ಇಷ್ಟು ಬರೆದು ಕಾಗದವನ್ನು ಅವರ ಕಡೆ ತಿರುಗಿಸಿ ಚಹಾ ಹೇಳುತ್ತೇನೆ.

ಕಳೆದ ಬಾರಿ ಹೀಗೆ ಬಂದವರು ಕಾರ್ಕಳ ಕಡೆಯ ಒಬ್ಬ ಡ್ರೈವರ್. ಕಾಗದವನ್ನು ಎರಡು ಸಲ ಓದಿದರು. ಮಡಚಿ ಜೇಬಿಗೆ ಹಾಕಿಕೊಂಡು, 'ರಿಯಾಯಿತಿ ಕೊಡದೆ, ಹೆಂಡತಿಯನ್ನೇ ಡಿ.ಫಾರ್ಮಾ ಓದಿಸಿದರೆ ಎಷ್ಟಾಗುತ್ತದೆ, ಅದನ್ನೂ ಬರೆದುಕೊಡಿ' ಎಂದರು. ಅವರ ಹೆಂಡತಿ ಪಿಯುಸಿ ವಿಜ್ಞಾನ ಓದಿದವರಂತೆ. ಎರಡು ವರ್ಷದ ಕೋರ್ಸು, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ, ನೋಂದಣಿ. ಮತ್ತೊಂದು ಕಾಗದ ತೆಗೆದೆವು.